ಹಳೇದ್ರಾಗೆ ಮೂರು ಸಾಲು

ಶಾಲೆಯಲ್ಲಿ ದತ್ತ, ಸಾಧನೀಯ, ಸಾಧನೆ ಅಂತ ಬರೆಯುತ್ತಿದ್ದೆವಲ್ಲ, ಆ ಸಾಧನೆಯನ್ನು ಸಾಲುಸಾಲಾಗಿ ಪರೀಕ್ಷಿಸುವ ತಂತ್ರಾಂಶ ಲೀನ್. ಲಿಯೊನಾರ್ಡೊ ಡಿ ಮೌರಾ 2013ರಲ್ಲಿ ಶುರುಮಾಡಿದ ಥಿಯರಮ್ ಪ್ರೂವರ್. ಕಳೆದ ಶ್ರಾವಣದ ಒಂದು ಭಾನುವಾರ, ದಾವಣಗೆರೆಯ ನಮ್ಮ ಮನೆಯಲ್ಲಿ ಕೂತು, ಅದರ ತಪ್ಪು ತೋರಿಸುವ ಸಂದೇಶಗಳ ಕೋಡನ್ನು ಸ್ವಲ್ಪ ಬದಲಿಸಿ ಟೆಸ್ಟ್ ಓಡಿಸಿದೆ. 37 ಫೈಲ್ ಫೇಲ್.

ಈ ಟೆಸ್ಟ್‌ಗಳಲ್ಲಿ ಪ್ರತಿ ಲೀನ್ ಫೈಲಿನ ಪಕ್ಕ ಬರಬೇಕಾದ ಉತ್ತರದ ಫೈಲೂ ಇರುತ್ತದೆ. ಒಂದಕ್ಷರ ಬೇರೆಯಾದರೂ ಫೇಲ್. ಸಂದೇಶದ ಮಾತು ಕೊಂಚ ಬದಲಾದರೂ ಸಾಕು, ಅರ್ಥ ಅದೇ ಇದ್ದರೂ. ಪರದೆ ತುಂಬ ಇಂಥದ್ದೇ ವ್ಯತ್ಯಾಸ, ಹಳೆಯದು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ. ಹೊಸ ಉತ್ತರವನ್ನೇ ಹಳೆಯದರ ಮೇಲೆ ನಕಲು ಮಾಡಿಬಿಟ್ಟರೆ ಎಲ್ಲ ಪಾಸು. ಕೈ ಅಲ್ಲಿಗೇ ಹೋಗಿತ್ತು.

ಅಪ್ಪ ಮಂಡಕ್ಕಿ ತಟ್ಟೆ ಹಿಡಿದು ಪಕ್ಕ ಬಂದು ಕೂತರು. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಮೆಕ್ಕೆಜೋಳದ ತೂಕದ ಚೀಟಿ ತಾಳೆ ನೋಡಿದವರು. "ಒಬ್ಬನೇ ತಾಳೆ ನೋಡಬಾರದು, ಕಣ್ಣು ರೂಢಿ ಬೀಳ್ತವೆ. ಹಳೇದು ನಾನು ಓದ್ತೀನಿ, ಹೊಸದು ನೀನು ನೋಡು" ಅಂದರು. ಇಂಗ್ಲಿಷ್ ಪದಗಳನ್ನು ತಡವರಿಸಿ, ಸಾಲಿನ ನಂಬರ್‌ಗಳನ್ನು ಮಾತ್ರ ಗಟ್ಟಿಯಾಗಿ ಓದುತ್ತಾ ಹೋದರು.

ಇಪ್ಪತ್ಮೂರನೇ ಫೈಲಿಗೆ ನಿಂತರು. "ಹಳೇದ್ರಾಗೆ ಮೂರು ಸಾಲು ಐದಾವೆ. ನಿಂದ್ರಾಗೆ ಎರಡೇ ಐದಾವಲ್ಲೋ?"

ಅದು ಬೇಕಂತಲೇ ತಪ್ಪು ಬರೆದಿಟ್ಟ ಫೈಲ್. ತನ್ನನ್ನೇ ಕರೆದುಕೊಳ್ಳುತ್ತಾ ಎಂದೂ ನಿಲ್ಲದ ಒಂದು ಫಂಕ್ಷನ್. ಇದು ನಿಲ್ಲುತ್ತದೆಂದು ತೋರಿಸಲು ಆಗಲಿಲ್ಲ ಅಂತ ಲೀನ್ ಹೇಳಲೇಬೇಕು, ಮೂರನೇ ಸಾಲು ಅದೇ. ನನ್ನ ಕೋಡ್ ಅದನ್ನು ನುಂಗಿತ್ತು. ಲೀನ್‌ನಲ್ಲಿ ಕರ್ನಲ್ ಅನ್ನುವ ಪುಟ್ಟ ಭಾಗ ಪ್ರತಿ ಸಾಧನೆಯನ್ನೂ ಕೊನೆಗೆ ತಾನೇ ಪರೀಕ್ಷಿಸುತ್ತದೆ, ಹಾಗಾಗಿ ಸುಳ್ಳು ಪ್ರಮೇಯವೇನೂ ಒಳಗೆ ಬರುತ್ತಿರಲಿಲ್ಲ. ಆದರೆ ಎಲ್ಲೋ ಕೂತು ಕಲಿಯುತ್ತಿರುವ ಹುಡುಗಿ ಇಂಥ ತಪ್ಪು ಬರೆದರೆ ಪರದೆ ಸುಮ್ಮನಿರುತ್ತಿತ್ತು. ತನ್ನದು ಸರಿ ಅಂದುಕೊಳ್ಳುತ್ತಿದ್ದಳು. ಅದನ್ನು ನೆನೆದು ಎದೆ ಝಲ್ಲೆಂದಿತು. ನಾನು ನಕಲು ಮಾಡಿದ್ದರೆ ಆ ಮೌನವೇ ಸರಿಯುತ್ತರ ಅಂತ ದಾಖಲಾಗುತ್ತಿತ್ತು. ಮುಂದೆ ಟೆಸ್ಟೇ ಅದನ್ನು ಕಾಯುತ್ತಿತ್ತು.

ಆ ಫೈಲಿನ ಹಳೇ ಉತ್ತರ ಮುಟ್ಟಲಿಲ್ಲ. ನನ್ನ ಕೋಡ್ ತಿದ್ದಿ ಮತ್ತೆ ಓಡಿಸಿದೆ. ಮೂರನೇ ಸಾಲು ಬಂತು.

"ಇನ್ನೆಷ್ಟು ಐದಾವೆ?" ಅಂದರು ಅಪ್ಪ, ಕನ್ನಡಕ ಒರೆಸುತ್ತಾ.

"ಹದಿನಾಲ್ಕು."

"ಓದಾ?"