ಶಹಾಬಾದ್ ಕಲ್ಲಿನ ಖಣಿಯಲ್ಲಿ ಮೂರು ಸ್ಕೋಪ್

ರೈಫಲ್‌ಗೆ ಸ್ಕೋಪ್ ತಗೋಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಎಷ್ಟು ಎಕ್ಸ್? ನನ್ನ ಗೆಳೆಯನೂ ಅದನ್ನೇ ಕೇಳಿದ. ಅವನ ಹತ್ತಿರ 6-24×50 ಇದೆ. ಅಂದರೆ ಗುರಿಯನ್ನು 6ರಿಂದ 24 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 50 ಮಿಲಿಮೀಟರ್ ಅಗಲ. ನಾನಿನ್ನೂ ಯಾವುದನ್ನೂ ಗಟ್ಟಿ ಮಾಡಿರಲಿಲ್ಲ. ಪರಿಚಯದವರಿಂದ ಒಂದು 3-9×40, ಒಂದು 4-12×40 ಕೇಳಿ ತಂದೆ. ಮೇ ತಿಂಗಳ ಒಂದು ಭಾನುವಾರ ಮೂರನ್ನೂ ತಗೊಂಡು ಚಿತ್ತಾಪುರದ ಹತ್ತಿರ ಗೆಳೆಯನ ಮನೆಯವರ ಹಳೇ ಫರ್ಸಿ ಕಲ್ಲಿನ ಖಣಿಗೆ ಹೋದೆವು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ನೋಡಲೇಬೇಕು ಅಂತ ನಾನು ಹಟ ಹಿಡಿದಿದ್ದೆ.

ನಮ್ಮದು ಸ್ಪ್ರಿಂಗ್ ಏರ್ ರೈಫಲ್. 4.5 ಮಿ.ಮೀ. ನಳಿಗೆ, ಶಕ್ತಿ 20 ಜೌಲ್ ಒಳಗೆ. ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಹೊಡೆಯುವುದು ಕಾಗದದ ಗುರಿಗೆ ಮಾತ್ರ. ಸ್ಕೋಪ್ ಡಬ್ಬಿಗಳ ಮೇಲೆ ಜಿಂಕೆ ಚಿತ್ರ ಇರುತ್ತದೆ, ಬೇಟೆ ಕಾನೂನುಬದ್ಧವಾಗಿರುವ ದೇಶಗಳಿಗೆ ಮಾಡಿದ ಮಾಲು ಅದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮಾತು ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು ಅಂತ ನಾನು ಮನಸ್ಸಿನಿಂದ ಹೇಳುತ್ತೇನೆ.

ಎರಡು ಫರ್ಸಿಗಳನ್ನು ಒಂದರ ಮೇಲೊಂದಿಟ್ಟು ಮೇಜು ಮಾಡಿಕೊಂಡೆವು. ಗುರಿಯ ಹಿಂದೆ ಗೊಬ್ಬರದ ಚೀಲಗಳಲ್ಲಿ ಮರಳು ತುಂಬಿ ಪೇರಿಸಿದೆವು. ಬರೀ ಕಲ್ಲಿದ್ದರೆ ಸೀಸದ ಗುಂಡು ವಾಪಸ್ ಸಿಡಿಯುತ್ತದೆ. ಇಬ್ಬರ ಕಣ್ಣಿಗೂ ಕನ್ನಡಕ ಇತ್ತು.

ಬೆಳಗಿನ ತಂಪಿನಲ್ಲಿ ಮೊದಲು 3-9 ಹಾಕಿದೆವು. ಚಿತ್ರ ಚೆನ್ನಾಗಿತ್ತು, ಹಗುರವಾಗಿಯೂ ಇತ್ತು. ಆದರೆ 25 ಮೀಟರ್‌ನಲ್ಲಿ ಗುಂಡುಗಳು ಒಂದು ಕಡೆ ಸೇರುತ್ತಲೇ ಇರಲಿಲ್ಲ. ಆಗ ರೈಫಲ್ಲನ್ನು ಮರಳು ಚೀಲದ ಮೇಲೆ ಅಲುಗದಂತೆ ಕೂರಿಸಿ, ಕೈ ತೆಗೆದು, ತಲೆಯನ್ನಷ್ಟೇ ಆಚೀಚೆ ಸರಿಸಿದೆ. ರೈಫಲ್ ಇದ್ದಲ್ಲೇ ಇದೆ, ಒಳಗಿನ ಕೂಡುಗೆರೆ (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆ) ಮಾತ್ರ ಕಪ್ಪು ವೃತ್ತದ ನಡುವಿನಿಂದ ಹೆಚ್ಚುಕಡಿಮೆ ಅಂಚಿನವರೆಗೆ ಹೋಗಿ ಬಂತು! ಆ ಕಪ್ಪು ವೃತ್ತದ ಅಗಲವೇ 30.5 ಮಿ.ಮೀ. ಇದೇ ಪ್ಯಾರಲಾಕ್ಸ್. ಮದ್ದುಗುಂಡಿನ ಬಂದೂಕಿಗೆ ಮಾಡಿದ ಸ್ಕೋಪ್‌ಗಳಲ್ಲಿ ಬಹುತೇಕ ಇದನ್ನು 100 ಗಜಕ್ಕೆ ಸರಿಹೊಂದಿಸಿ ಮುಚ್ಚಿಬಿಟ್ಟಿರುತ್ತಾರೆ. ಹತ್ತಿರದ ಗುರಿಗೆ ಕಣ್ಣು ಸ್ವಲ್ಪ ಸರಿದರೂ ಲೆಕ್ಕ ತಪ್ಪುತ್ತದೆ. 4-12ರ ಮುಂದಿನ ಗಾಜಿನ ಉಂಗುರ ತಿರುಗುತ್ತದೆ, ಅದರ ಮೇಲೆ 10 ಗಜದಿಂದ ಗುರುತುಗಳಿವೆ. ದೂರಕ್ಕೆ ತಕ್ಕಂತೆ ತಿರುಗಿಸಿದೆ. ತಲೆ ಎಷ್ಟು ಸರಿಸಿದರೂ ಗೆರೆ ಕದಲಲಿಲ್ಲ. ನನಗೆ ಅರ್ಧ ತೀರ್ಮಾನ ಅಲ್ಲೇ ಆಯಿತು.

ಇನ್ನೊಂದು ವಿಷಯವನ್ನು ಏರ್ ರೈಫಲ್ ಇರುವವರಿಗೆ ಒತ್ತಿ ಹೇಳಬೇಕು. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿ ಮುಟ್ಟಿದ ಕ್ಷಣ ಮುಂದಕ್ಕೆ ಎಳೆಯುತ್ತದೆ. ಒಂದೇ ಕಡೆಯ ಒದೆತಕ್ಕೆ ಮಾಡಿದ ಸ್ಕೋಪ್ ಎಷ್ಟೇ ದುಬಾರಿಯಿದ್ದರೂ ಒಳಗಿನ ಗಾಜು ಸಡಿಲವಾಗಬಹುದು. ಸುಮ್ನೆ ಹೆಸರು ನೋಡಿ ತಗೋಬೇಡಿ, ಏರ್‌ಗನ್‌ಗೆ ತಡೆಯುತ್ತದಾ ಅಂತ ಕೇಳಿಯೇ ತಗೊಳ್ಳಿ.

ಹನ್ನೊಂದು ಗಂಟೆ ಹೊತ್ತಿಗೆ ಕಲ್ಲು ಕಾದಿತ್ತು. ನಮ್ಮ ಕಡೆಯ ಮೇ ಬಿಸಿಲು ಗೊತ್ತಲ್ವಾ. ಗುರಿಯನ್ನು 50 ಮೀಟರ್‌ಗೆ ಒಯ್ದು ಗೆಳೆಯನ ಸ್ಕೋಪನ್ನು 24ಕ್ಕೆ ಏರಿಸಿದೆವು. ಕಾಗದ ನೀರೊಳಗಿನ ಮೀನಿನಂತೆ ಅಲುಗುತ್ತಿತ್ತು. ಉಂಗುರಗಳ ಗೆರೆಗಳೇ ಕಾಣುವುದಿಲ್ಲ. ಬಿಸಿಲ್ಗುದುರೆಯನ್ನೂ ಅದು 24 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. 10ಕ್ಕೆ ಇಳಿಸಿದಾಗ ಚಿತ್ರ ನಿಂತಿತು. ಗೆಳೆಯ ಮತ್ತೆ ಏರಿಸಿದ, ಮತ್ತೆ ಇಳಿಸಿದ, ಆಮೇಲೆ 10ರಲ್ಲೇ ಬಿಟ್ಟ.

25 ಮೀಟರ್‌ಗೆ ಹೊಂದಿಸಿದ ರೈಫಲ್ 50 ಮೀಟರ್‌ನಲ್ಲಿ ಸಾಕಷ್ಟು ಕೆಳಗೆ ಹೊಡೆಯುತ್ತದೆ. ಅದಕ್ಕೇ ಕ್ಲಿಕ್‌ಗಳು, ಅಂದರೆ ಗುರಿಯನ್ನು ಮೇಲೆ-ಕೆಳಗೆ, ಎಡ-ಬಲ ಸರಿಸುವ ತಿರುಪಿನ ಒಂದೊಂದು ಹೆಜ್ಜೆ, ನಂಬಿಕೆಯವಾಗಿರಬೇಕು. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಅಂದರೆ 100 ಗಜಕ್ಕೆ ಸುಮಾರು 7 ಮಿ.ಮೀ., 25 ಮೀಟರ್‌ಗೆ 2 ಮಿ.ಮೀ.ಗಿಂತ ಕಡಿಮೆ. ಪರೀಕ್ಷೆ ಸುಲಭ. ಒಂದು ಗುಂಡು ಹೊಡೆಯಿರಿ. 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ, ಪ್ರತಿ ಸಲವೂ ಅದೇ ನಡುಬಿಂದುವಿಗೆ ಗುರಿಯಿಟ್ಟು ಹೊಡೆಯುತ್ತಾ ಬನ್ನಿ. ಕಾಗದದ ಮೇಲೆ ಚೌಕ ಮೂಡಿ, ಕೊನೆಯ ಗುಂಡು ಮೊದಲನೆಯದರ ಜಾಗಕ್ಕೇ ಬರಬೇಕು. 4-12ರಲ್ಲಿ ಕೊನೆಯ ತೂತು ಮೊದಲ ತೂತಿಗೆ ಅಂಟಿಕೊಂಡೇ ಬಿತ್ತು. 3-9ರಲ್ಲಿ ಚೌಕ ಮುಚ್ಚಲೇ ಇಲ್ಲ.

ಸಂಜೆ ಖಣಿಯ ಮೇಲಂಚಿಗೆ ಒಂದು ನವಿಲು ಬಂದು ನಿಂತಿತು. ಸ್ಕೋಪ್‌ನಲ್ಲಿ ನೋಡೋಣ ಅಂತ ಗೆಳೆಯ ರೈಫಲ್ ಎತ್ತಲು ಹೋದ. ನಾನು ನಳಿಗೆ ಹಿಡಿದು ಕೆಳಗಿಳಿಸಿದೆ. ಖಾಲಿ ಇದ್ದರೂ ಅಷ್ಟೇ, ಹೊಡೆಯಬಾರದ್ದರ ಕಡೆಗೆ ನಳಿಗೆ ತಿರುಗಬಾರದು. ನೋಡಲಿಕ್ಕೆ ಬೈನಾಕ್ಯುಲರ್ ಇದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಜೀಪಿನಿಂದ ಬೈನಾಕ್ಯುಲರ್ ತಂದು ಇಬ್ಬರೂ ನೋಡಿದೆವು.

ಹೊತ್ತು ಮುಳುಗಿದ ಮೇಲೆ ಕೊನೆಯ ಪರೀಕ್ಷೆ. ಮುಂದಿನ ಗಾಜಿನ ಅಗಲವನ್ನು ಎಕ್ಸ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಚಕ್ರದ ಅಳತೆ ಸಿಗುತ್ತದೆ. 50 ಭಾಗ 24 ಅಂದರೆ ಸುಮಾರು 2 ಮಿ.ಮೀ., 40 ಭಾಗ 6 ಅಂದರೆ ಸುಮಾರು 6.7. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ 5 ಮಿ.ಮೀ. ಮೀರಿ ಹಿಗ್ಗುತ್ತದೆ. ಹಾಗಾಗಿ 24ರಲ್ಲಿ ಕಾಗದ ಬೂದಿ ಬಣ್ಣದ ತುಂಡು, 4-12ನ್ನು 6ಕ್ಕೆ ಇಳಿಸಿದಾಗ ಗುಂಡಿನ ತೂತುಗಳು ಕಾಣುತ್ತಿದ್ದವು. ಗಾಜಿನ ಗುಣವೂ ಲೆಕ್ಕಕ್ಕೆ ಬರುತ್ತದೆ ಅನ್ನಿ, ಆದರೆ ಮೊದಲು ಈ ಭಾಗಾಕಾರ ಮಾಡಿ.

ಗೆಳೆಯನ ಮಗ ಶಾಲೆಯಲ್ಲಿ ಶೂಟಿಂಗ್ ಕಲಿಯಬೇಕು ಅನ್ನುತ್ತಾನೆ. ಅವನಿಗೆ ಸ್ಕೋಪ್ ಕೊಡಿಸಬೇಡ ಅಂದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದೂರದರ್ಶಕ ಗಾಜಿಗೆ ಅವಕಾಶವಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಸೈಟ್‌ನಲ್ಲಿ ನೋಡಿಯೇ.

ನಾನು ತಗೊಂಡದ್ದು 4-12×40, ಮುಂದಿನ ಉಂಗುರ ತಿರುಗುವಂಥದ್ದು. 24 ಎಕ್ಸ್‌ಗೆ ಹೋಗಬಹುದಾಗಿದ್ದ ದುಡ್ಡಿನಲ್ಲಿ ಉಳಿದದ್ದನ್ನು ಸ್ಕೋಪನ್ನು ರೈಫಲ್‌ಗೆ ಹಿಡಿಸುವ ಗಟ್ಟಿ ಮೌಂಟ್‌ಗೆ ಹಾಕಿದೆ. ರೈಫಲ್ ಮೇಲಿನ 11 ಮಿ.ಮೀ. ಹಳಿಗೆ ಕೂರುವಂಥದ್ದು, ಸ್ಕೋಪ್ ಹಿಂದೆ ಜಾರದಂತೆ ತಡೆಮೊಳೆ ಇರುವಂಥದ್ದು. ಮಿಕ್ಕದ್ದಕ್ಕೆಲ್ಲ ಗುಂಡಿನ ಡಬ್ಬಿಗಳು ಬಂದವು.