ಹತ್ತು ಗ್ರಾಂ ದಗಡಫೂಲ

23 ಮಾರ್ಚ್ 2025, ರವಿವಾರ
ವಿಜಯಪುರ

ಮುಂದಿನ ರವಿವಾರ ಯುಗಾದಿ. ಅಷ್ಟರೊಳಗ ವರ್ಷದ ಮಸಾಲಿ ಖಾರ ಡಬ್ಬಿ ಸೇರಬೇಕು. ತಿಂಗಳ ಕಿರಾಣಿಗೆ ನಾವು ಎತ್ತಿಡುವ 3,500 ರೂಪಾಯಿ ಜೋಳ, ಬ್ಯಾಳಿ, ಎಣ್ಣಿಗೇ ಸರಿಹೋಗುತ್ತದೆ. ಹಾಗಾಗಿ ದೀಪಾವಳಿ ಮುಗಿದಾಗಿನಿಂದ ತಿಂಗಳಿಗೆ 150ರಂತೆ ಬೇರೆ ತೆಗೆದಿಡುತ್ತ ಬಂದೆ. ಇವತ್ತು ಕೈಯಲ್ಲಿ 750 ಇತ್ತು.

ಬ್ಯಾಡಗಿ ಮೆಣಸಿನಕಾಯಿ ಒಂದು ಕಿಲೋ, ಗುಂಟೂರು ಕಾಲು ಕಿಲೋ. ಬ್ಯಾಡಗಿಯಿಂದ ಬಣ್ಣ, ಗುಂಟೂರಿನಿಂದ ಖಾರ. ಬರೀ ಗುಂಟೂರು ಅಗ್ಗವೇನೋ ಹೌದು, ಆದರೆ ಅದರ ಪಲ್ಯ ನಾಲಿಗೆ ಸುಡುತ್ತದೆಯೇ ಹೊರತು ಕಣ್ಣಿಗೆ ಕೆಂಪಾಗುವುದಿಲ್ಲ. ಕೊಬ್ರಿ, ಕೊತ್ತಂಬರಿ ಕಾಳು, ಬೆಳ್ಳುಳ್ಳಿ ಕಟ್ಟಿಸಿದ ಮೇಲೆ 230 ಉಳಿಯಿತು. ನನ್ನ ಮನಸ್ಸಿದ್ದದ್ದೆಲ್ಲ ಆ 230ರ ಮೇಲೇ.

ಹೋದ ವರ್ಷ ದೊಡ್ಡ ಅಂಗಡಿಯೊಂದರಲ್ಲಿ ನೂರು ನೂರು ಗ್ರಾಂ ಪಾಕೀಟು ತಂದು ಕೆಟ್ಟೆ. ಶ್ರಾವಣಕ್ಕೆ ಲವಂಗ ಮೂಸಿದರೆ ಕಟ್ಟಿಗೆ ಮೂಸಿದಂತಿತ್ತು. ಈ ಸಲ ಗಾಂಧಿ ಚೌಕದ ಹತ್ತಿರ ಬಿಡಿ ಮಸಾಲಿ ಮಾರುವ ಕಾಕಾನ ಕಡೆ ಹೋದೆ.

“ಎಲ್ಲಾ ಹತ್ತ್ ಹತ್ತ್ ಗ್ರಾಂ ಕೊಡ್ರಿ ಕಾಕಾ, ಜಾಪತ್ರಿ ಐದ ಸಾಕು.”

“ಒಂದ್ ಕಿಲೋ ಖಾರಕ್ಕ ಅಷ್ಟ ಬೇಕ್ ತಂಗಿ, ಹೆಚ್ಚ ಹಾಕಿದ್ರ ಕಹಿ ಆಕ್ಕೈತಿ,” ಅಂದ.

ಲವಂಗ, ಏಲಕ್ಕಿ, ದಾಲ್ಚಿನ್ನಿ, ಶಹಾಜೀರಿಗಿ, ಮರಾಠಿ ಮೊಗ್ಗು, ನಾಗಕೇಸರ. ಕಡೆಗೆ ದಗಡಫೂಲ. ಕಲ್ಲುಹೂವು ಅನ್ನುವುದು ಇದನ್ನೇ. ಹೂವಲ್ಲ, ಬಂಡೆ ಮೇಲೆ, ಮರದ ತೊಗಟೆ ಮೇಲೆ ಬೆಳೆಯುವ ಕಲ್ಲುಪಾಚಿ. ಕೈಯಲ್ಲಿ ಹಿಡಿದರೆ ಒಣಗಿದ ಎಲೆಯ ಚೂರು, ವಾಸನೆ ಇದ್ದೂ ಇಲ್ಲದಂತೆ. ಬಿಸಿ ಎಣ್ಣೆಗೆ ಬಿದ್ದಾಗ ನೋಡಬೇಕು, ಮೊದಲ ಮಳೆಗೆ ನೆನೆದ ಎರಿ ಹೊಲ ಮನೆಯೊಳಗೆ ಬಂದಂತಾಗುತ್ತದೆ. ಹತ್ತು ಗ್ರಾಂ ಅಂದರೂ ಹಗುರ, ಬೊಗಸೆ ತುಂಬ ಬಂತು. ಯಾವುದಾದರೂ ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ನಾನು ಇದನ್ನೇ ಕೊಳ್ಳುತ್ತೇನೆ.

ಇಷ್ಟಕ್ಕೆ 140, ಗಟ್ಟಿ ಹಿಂಗಿಗೆ 50. ಉಳಿದ 40ಕ್ಕೆ ಕಾಲು ಕಿಲೋ ಗುರೆಳ್ಳು, ಅಂದರೆ ಹುಚ್ಚೆಳ್ಳು. ಗುರೆಳ್ಳಿನಲ್ಲಿ ಎಣ್ಣೆಯಂಶ ಹೆಚ್ಚು, ಪುಡಿ ಮಾಡಿಟ್ಟರೆ ಬೇಗ ಕಮಟು ಹಿಡಿಯುತ್ತದೆ. ಕಾಳಾಗಿಯೇ ಇಟ್ಟು ವಾರಕ್ಕೊಮ್ಮೆ ಒಂದು ಹಿಡಿ ಹುರಿದು ಕುಟ್ಟಿದರೆ ಬದನಿಕಾಯಿ ಎಣ್ಣಿಗಾಯಿಗೆ ಬೇರೇನೂ ಬೇಡ. ಲಿಂಬಿಹಣ್ಣಿನ ಕಡೆ ಮಾತ್ರ ಇವತ್ತು ನೋಡಲಿಲ್ಲ. ಲಿಂಬಿ ಬೆಳೆಯುವ ಇಂಡಿ ಇಷ್ಟು ಹತ್ತಿರವಿದ್ದರೂ ಬೇಸಿಗೆಯಲ್ಲಿ ಅದರ ದರ ಏರುತ್ತದೆ. ಮಳೆಗಾಲದಲ್ಲಿ ಉಪ್ಪು ಹಾಕಿಟ್ಟ ಭರಣಿ ಇನ್ನೂ ಅರ್ಧವಿದೆ.

ಮಧ್ಯಾಹ್ನ ಮಾಳಿಗೆ ಮೇಲೆ ಮೆಣಸಿನಕಾಯಿ ಹರವಿದೆವು. ಅತ್ತಿ ಕುಳಿತು ತೊಟ್ಟು ಬಿಡಿಸಿದರು. ಮಸಾಲಿ ಹುರಿಯುವುದನ್ನು ಮಾತ್ರ ನನಗೆ ಬಿಡಲಿಲ್ಲ. ಒಂದೊಂದನ್ನೇ ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿದರು, ದಗಡಫೂಲ ಎಲ್ಲಕ್ಕಿಂತ ಕೊನೆಗೆ. ಪಕ್ಕದ ಮನೆಯಾಕೆ ಗೋಡೆ ಆಚೆಯಿಂದ, “ಏನ್ ಹುರಿಯಾಕತ್ತೀರಿ, ಓಣಿ ತುಂಬ ಘಮ್ ಅನ್ನಾಕತ್ತೈತಿ,” ಅಂದಳು. ಅವಳಿಗೊಂದು ಬಟ್ಟಲು ಖಾರ ಕೊಡಬೇಕು.

ಹಿಂಗಿನ ಒಂದು ತುಣುಕು ತೆಗೆದಿಟ್ಟಿದ್ದೇನೆ, ಹುಳ ಬೀಳದಂತೆ ಡಬ್ಬಿಯ ತಳಕ್ಕೆ. ನಾಳೆ ಏಳಕ್ಕೆಲ್ಲ ಖಾರ ಕುಟ್ಟುವ ಗಿರಣಿ ಮುಂದೆ ಪಾಳಿ ಹಚ್ಚಬೇಕು.