ಮಗ್ಗದ ಮೇಲೆ ಕುಳಿತ ನಾಚಿಕೆ

ಮಂಗಳವಾರ ಗುಳೇದಗುಡ್ಡಕ್ಕೆ ಹೋಗಿ ಬಂದಾಗಿನಿಂದ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ. ಅದನ್ನು ಆಡಿದವರು ಖಣವನ್ನು, ಅಂದರೆ ನಮ್ಮ ಕಡೆಯ ರವಿಕೆ ಬಟ್ಟೆಯನ್ನು, ನೇಯುವ ಒಬ್ಬ ಹಿರಿಯ ಹೆಣ್ಣುಮಗಳು. ನಾನು ಅವರನ್ನು ಕಾಕು ಎನ್ನುತ್ತೇನೆ. ಅವರು ಸಿಟ್ಟಿನಿಂದ ಆಡಲಿಲ್ಲ, ನನ್ನ ಮುಖ ನೋಡಿಯೂ ಆಡಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಬರುವಷ್ಟರಲ್ಲಿ ಆಡಿ ಮುಗಿಸಿದರು.

ಬಾಗಲಕೋಟೆಯ ನವನಗರದಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ನಾನು ಖಣದ ಹೊದಿಕೆಯ ನೋಟ್‌ಬುಕ್ಕುಗಳನ್ನು ಕಟ್ಟುತ್ತೇನೆ. ಹಾಳೆ ಮಡಚಿ ದಾರದಲ್ಲಿ ಹೊಲಿಯುವುದು, ಅಂಟು ಬಟ್ಟೆಯ ಮೇಲ್ಮುಖಕ್ಕೆ ಉಕ್ಕದಿರಲೆಂದು ಖಣದ ಹಿಂಬದಿಗೆ ತೆಳುವಾದ ಕಾಗದ ಹಚ್ಚಿ ಒಣಗಿಸುವುದು, ಅದನ್ನು ರಟ್ಟಿಗೆ ಸುತ್ತಿ ಭಾರ ಹೇರಿ ರಾತ್ರಿಯಿಡೀ ಬಿಡುವುದು, ಲೆಕ್ಕ ಬರೆಯುವುದು, ಕೊರಿಯರ್‌ನವನಿಗೆ ಒಪ್ಪಿಸುವುದು, ಇಷ್ಟಕ್ಕೂ ಇರುವುದು ಇವೇ ಎರಡು ಕೈ. ಮಾಡದೆ ಬಿಟ್ಟಿದ್ದ ಕೆಲಸ ಒಂದೇ, ಅದು ಹೇಳಿಕೊಳ್ಳುವುದು. ಇನ್‌ಸ್ಟಾಗ್ರಾಂನಲ್ಲಿ ಎರಡು ವರ್ಷಗಳಲ್ಲಿ 19 ಚಿತ್ರಗಳನ್ನು ಹಾಕಿದ್ದೇನೆ, ಒಂದರ ಕೆಳಗೂ ಎರಡು ಸಾಲಿಗಿಂತ ಹೆಚ್ಚು ಬರೆದಿಲ್ಲ. ಯಾರಾದರೂ ಮನೆಗೆ ಬಂದು ಕೈಗೆತ್ತಿಕೊಂಡು ನೋಡಿದರೆ, ‘ಏನಿಲ್ಲ, ಸುಮ್ಮನೆ ಹವ್ಯಾಸಕ್ಕೆ ಮಾಡುತ್ತೇನೆ’ ಎಂದು ನಕ್ಕು ಮಾತು ಬದಲಿಸುತ್ತಿದ್ದೆ. ಇದನ್ನು ನಾನು ವಿನಯವೆಂದೇ ತಿಳಿದಿದ್ದೆ. ನಿಜ ಹೇಳಬೇಕೆಂದರೆ, ಆ ವಿನಯದ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಕಾಕುವಿನ ಮನೆಯ ಪಡಸಾಲೆಯಲ್ಲಿಯೇ ಕುಣಿ ಮಗ್ಗವಿದೆ. ಮೊಣಕಾಲು ನೋವಿನಿಂದ ಅವರ ಯಜಮಾನರು ಕುಣಿಗೆ ಇಳಿಯುವುದನ್ನು ಬಿಟ್ಟ ಮೇಲೆ ಕಾಕುವೇ ನೇಯುತ್ತಾರೆ, ಸೊಸೆ ಕಂಡಿಕೆ ಸುತ್ತಿ ಕೊಡುತ್ತಾಳೆ. ನನ್ನ ಬೇಡಿಕೆಯನ್ನು ನಂಬಿ, ಕಡುಗೆಂಪು ದಡಿಯ, ಆನೆಹೆಜ್ಜೆ ವಿನ್ಯಾಸದ ಖಣಕ್ಕೆಂದು ಉದ್ದೆಳೆಗಳ ಹಾಸು ಏರಿಸಿಯಾಗಿತ್ತು. ಮಗ್ಗಕ್ಕೆ ಏರಿಸಿದ ಹಾಸನ್ನು ಅರ್ಧಕ್ಕೆ ಇಳಿಸಲು ಬರುವುದಿಲ್ಲ ಎಂಬುದು ಗೊತ್ತಿದ್ದೂ ನಾನು ಬಾಗಿಲಲ್ಲಿ ನಿಂತು, “ಹಿಂದಿನ ಮಾಲ ಇನ್ನೂ ಉಳದೈತ್ರಿ ಕಾಕು, ಈ ಸಲ ಅರ್ಧ ಸಾಕು” ಎಂದೆ.

“ಯಾಕ, ಮಂದಿಗೆ ಸೇರಲಿಲ್ಲೇನು?”

“ನೋಡಿದವರೆಲ್ಲ ಛಲೋ ಐತಿ ಅಂದಾರ್ರಿ.”

“ಎಷ್ಟ ಮಂದಿ ನೋಡ್ಯಾರ?”

ಲೆಕ್ಕ ಹಾಕಿದರೆ ನಲವತ್ತು ದಾಟುತ್ತಿರಲಿಲ್ಲ, ಅದರಲ್ಲಿ ಅರ್ಧ ಜನ ನನ್ನ ಬೀಗರು ನೆಂಟರು. “ನನ್ನ ಸಾಮಾನ ನಾನ ಹೆಂಗ ಹೊಗಳ್ಕೊಳ್ಳಲಿ ಕಾಕು, ನಾಚಿಕಿ ಬರ್ತೈತಿ” ಎಂದೆ. ಆಗ ಅವರು, ಕಾಲಡಿಯ ಹಲಗೆ ಒತ್ತುತ್ತಲೇ, ಆ ಮಾತನ್ನು ಆಡಿದರು:

“ನಿನ್ನ ನಾಚಿಕಿ ಬಂದು ನನ್ನ ಮಗ್ಗದ ಮ್ಯಾಲ ಕುಂತೈತಿ ನೋಡವ್ವಾ.”

ಸೊಸೆ ಚಹಾ ಕೊಟ್ಟಳು, ಕುಡಿದೆ. ಅರ್ಧವಲ್ಲ, ಪೂರ್ತಿಯೇ ಇರಲಿ ಎಂದು ಹೇಳಿ ಮುಂಗಡ ಕೊಟ್ಟು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಕಷ್ಟಪಟ್ಟು ಮಾಡುವವಳು ನಾನು, ನಷ್ಟ ಅನುಭವಿಸುವವಳು ನಾನು. ಬುದ್ಧಿ ಹೇಳಲು ಇವರು ಯಾರು ಎನ್ನಿಸಿತು. ಊರು ಸಮೀಪಿಸುವ ಹೊತ್ತಿಗೆ ನನ್ನ ಬೆಂಬಲಕ್ಕೆ ಬಸವಣ್ಣನವರನ್ನೇ ಕರೆದುಕೊಂಡಿದ್ದೆ.

ನಮ್ಮ ತಂದೆ ಕನ್ನಡ ಶಾಲೆಯ ಮಾಸ್ತರರು. ‘ಕಳಬೇಡ ಕೊಲಬೇಡ’ ವಚನವನ್ನು ದಿನಾಲೂ ದೀಪ ಹಚ್ಚಿದ ಮೇಲೆ ಹೇಳಿಸುತ್ತಿದ್ದರು, ‘ತನ್ನ ಬಣ್ಣಿಸಬೇಡ’ ಎಂಬಲ್ಲಿ ಬಂದಾಗ ದನಿಯನ್ನು ಸ್ವಲ್ಪ ಏರಿಸುತ್ತಿದ್ದರು. ಕೂಡಲಸಂಗಮ ನಮ್ಮ ಜಿಲ್ಲೆಯದೇ ಆದ್ದರಿಂದ ಆ ಮಾತು ನಮ್ಮ ಮನೆಗೇ ಹೇಳಿ ಕಳಿಸಿದ್ದು ಎಂಬ ಭಾವನೆ ಬಾಲ್ಯದಿಂದಲೂ ಇತ್ತು. ಆದರೆ ರಾತ್ರಿ ಮಲಗಿ ವಚನವನ್ನು ಮೊದಲಿನಿಂದ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಹೋದಾಗ, ‘ತನ್ನ ಬಣ್ಣಿಸಬೇಡ’ ಎಂಬುದಕ್ಕೆ ಮುಂಚೆಯೇ ‘ಹುಸಿಯ ನುಡಿಯಲು ಬೇಡ’ ಎಂಬ ಮಾತು ಎದುರಾಯಿತು. ಒಂದು ಪುಸ್ತಕಕ್ಕೆ ಎರಡು ದಿನ ಬೆನ್ನು ಬಗ್ಗಿಸಿ ಕೆಲಸ ಮಾಡಿ, ಕೊಳ್ಳಲು ಬಂದವರಿಗೆ ‘ಏನಿಲ್ಲ, ಸುಮ್ಮನೆ ಹವ್ಯಾಸಕ್ಕೆ’ ಎನ್ನುವುದು ಹುಸಿಯಲ್ಲದೆ ಮತ್ತೇನು? ಆ ಹುಸಿಯಲ್ಲಿ ನನ್ನ ಎರಡು ದಿನದ ಜೊತೆಗೆ ಕಾಕು ಖಣ ನೇಯ್ದ ದಿನಗಳೂ ಮುಳುಗಿಹೋಗುತ್ತಿದ್ದವು. ನನ್ನನ್ನು ನಾನು ಬಣ್ಣಿಸಿಕೊಳ್ಳದಿರುವ ಹಕ್ಕು ನನಗಿದೆ, ಅವರ ಖಣವನ್ನು ‘ಏನಿಲ್ಲ’ ಎನ್ನುವ ಹಕ್ಕು ನನಗೆ ಯಾರು ಕೊಟ್ಟರು?

ಇದೇ ಜಿಲ್ಲೆಯ ಐಹೊಳೆಯಲ್ಲಿ ಇನ್ನೊಬ್ಬ ಮಹಾಶಯನಿದ್ದಾನೆ. ಮೇಗುಟಿ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿ, ಕ್ರಿ.ಶ. 634ರಲ್ಲಿ, ಇಮ್ಮಡಿ ಪುಲಕೇಶಿಯನ್ನು ಹೊಗಳುವ ಪದ್ಯಗಳನ್ನು ಕಲ್ಲಿನಲ್ಲಿ ಕೊರೆಯಿಸುತ್ತಾ ಕೊನೆಯಲ್ಲಿ ತಾನು ಕಾವ್ಯದಲ್ಲಿ ಕಾಳಿದಾಸ ಭಾರವಿಗಳಿಗೆ ಸಮನಾದ ಕೀರ್ತಿ ಪಡೆದವನೆಂದು ಯಾವ ಸಂಕೋಚವೂ ಇಲ್ಲದೆ ಸೇರಿಸಿಬಿಟ್ಟಿದ್ದಾನೆ. ಶಾಲೆಯ ಪ್ರವಾಸದಲ್ಲಿ ಇದನ್ನು ಕೇಳಿ ನಾವೆಲ್ಲ ನಕ್ಕಿದ್ದೆವು. ಆದರೆ ಕಾಳಿದಾಸನೂ ಭಾರವಿಯೂ ಆ ಕಾಲಕ್ಕಾಗಲೇ ಹೆಸರಾಗಿದ್ದರೆಂದು ವಿದ್ವಾಂಸರು ಖಚಿತವಾಗಿ ಹೇಳಲು ಇವನ ಈ ಜಂಬವೇ ಆಧಾರವಾಯಿತು ಎಂಬುದು ಆಮೇಲೆ ತಿಳಿಯಿತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡನೆಂಬ ಆಚಾರಿಯ ಹೆಸರು ಅವನಿಗೆ ದೊರೆತ ಬಿರುದಿನೊಂದಿಗೆ ಉಳಿದಿದೆ. ಹೆಸರು ಕೊರೆಯಿಸಿದ್ದರಿಂದ ಆ ಕಲ್ಲಿನ ಚೆಲುವೇನೂ ಕಡಿಮೆಯಾಗಿಲ್ಲ. ನನ್ನ ಪುಸ್ತಕದ ಹಿಂಬದಿಯಲ್ಲಿಯಾದರೋ ನನ್ನ ಹೆಸರೂ ಇಲ್ಲ, ನೇಯ್ದವರ ಹೆಸರೂ ಇಲ್ಲ, ಗುಳೇದಗುಡ್ಡದ ಹೆಸರೂ ಇಲ್ಲ.

ಬುಧವಾರ ಇಷ್ಟರಲ್ಲಿಯೇ ಕಳೆಯಿತು. ಗುರುವಾರ ನಡೆದದ್ದು ಬೇರೆಯೇ ಒಂದು ಪ್ರಸಂಗ, ಆದರೆ ಕಾಕುವಿನ ಮಾತು ಅಲ್ಲಿಗೂ ನನ್ನ ಹಿಂದೆಯೇ ಬಂದಿತ್ತು.

ಮಕ್ಕಳಿಗಾಗಿ ಸಂಜೆಯ ವಾಚನಾಲಯ ನಡೆಸುವ ಒಂದು ಸಣ್ಣ ಟ್ರಸ್ಟಿಗೆ ನಾನು ಆಗಾಗ ಕೈಜೋಡಿಸುತ್ತೇನೆ. ವಾರ್ಷಿಕೋತ್ಸವಕ್ಕೆಂದು ಅವರು ಗೇಟಿನ ಮೇಲೆ ಹತ್ತಡಿಯ ಫ್ಲೆಕ್ಸ್ ಕಟ್ಟಿಸಿದ್ದರು. ಅದರಲ್ಲಿ ಹನ್ನೊಂದು ಮುಖಗಳಿದ್ದವು, ಎಲ್ಲರಿಗಿಂತ ದೊಡ್ಡದಾಗಿ ನಮ್ಮ ಕಾರ್ಯದರ್ಶಿಯವರದು. ಅವರು ಕೆಟ್ಟವರಲ್ಲ; ಮಳೆಯಲ್ಲಿ ಪುಸ್ತಕ ನೆನೆಯುತ್ತವೆಂದು ನಡುರಾತ್ರಿ ತಾಡಪತ್ರಿ ಹೊತ್ತು ಓಡಿದವರು. ಆದರೆ ಕ್ಯಾಮರಾ ಕಂಡರೆ ಅವರ ಕೈ ತಾನಾಗಿಯೇ ಪಕ್ಕದ ಮಗುವಿನ ಹೆಗಲೇರುತ್ತದೆ. ನನ್ನ ಫೋಟೋ ಬೇಡವೆಂದು ನಾನು ಹೇಳಿದ್ದೆ, ಆ ಬಗ್ಗೆಯೂ ಹೆಮ್ಮೆಯಿತ್ತು. ಗೇಟಿನ ಬಳಿ ಮಗನ ಕೈ ಹಿಡಿದು ನಿಂತಿದ್ದ ಒಬ್ಬ ತಾಯಿ ನನ್ನನ್ನು ತಡೆದು, “ಅಕ್ಕಾರ, ಇಲ್ಲಿ ಹುಡುಗರಿಗೆ ಪುಸ್ತಕ ಓದಾಕ ಕೊಡ್ತಾರಂತಲ್ರಿ, ಎಷ್ಟಕ್ಕ ತೆಗೀತಾರ್ರಿ? ರೊಕ್ಕ ಎಷ್ಟ ಕೊಡಬೇಕ್ರಿ?” ಎಂದು ಕೇಳಿದಳು. ಅವಳ ನೆತ್ತಿಯ ಮೇಲೆಯೇ ಹನ್ನೊಂದು ಜನ ನಗುತ್ತಿದ್ದರು. ವಾಚನಾಲಯ ಸಂಜೆ ಐದಕ್ಕೆ ತೆರೆಯುತ್ತದೆ, ಒಂದು ಪೈಸೆಯೂ ಕೊಡಬೇಕಿಲ್ಲ ಎಂಬ ಎರಡು ಮಾತು ಆ ಹತ್ತಡಿಯಲ್ಲಿ ಎಲ್ಲಿಯೂ ಇರಲಿಲ್ಲ. ‘ಉದಾರವಾಗಿ ದೇಣಿಗೆ ನೀಡಿ’ ಎಂದಿತ್ತು, ಯಾವ ಖಾತೆಗೆ ಎಂದಿರಲಿಲ್ಲ. ಕಳೆದ ವರ್ಷ ಒಬ್ಬ ಹಿರಿಯರು 5,000 ರೂಪಾಯಿ ನಗದು ಕೊಟ್ಟು, ನಗದಿನಲ್ಲಿ 2,000 ರೂಪಾಯಿ ಮೀರಿದ ದೇಣಿಗೆಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಇಲ್ಲವೆಂಬುದು ಆಮೇಲೆ ತಿಳಿದು, ಮೊದಲೇ ಏಕೆ ಹೇಳಲಿಲ್ಲವೆಂದು ಬೇಸರಪಟ್ಟುಕೊಂಡಿದ್ದರು. ಆ ಮಾತೂ ಫ್ಲೆಕ್ಸಿನಲ್ಲಿ ಇರಲಿಲ್ಲ.

ಕಾರ್ಯದರ್ಶಿಯವರನ್ನು ಮನಸ್ಸಿನಲ್ಲಿಯೇ ಚೆನ್ನಾಗಿ ಝಾಡಿಸಿದ ಮೇಲೆ ನೆನಪಾಯಿತು, ಆ ಫ್ಲೆಕ್ಸಿನ ಕರಡನ್ನು ತಿದ್ದಿದವಳು ನಾನೇ. ಒತ್ತಕ್ಷರ, ದೀರ್ಘ ಎಲ್ಲವನ್ನೂ ಸರಿಪಡಿಸಿದ್ದೆ. ಸಮಯ ಹಾಕಿ ಎಂದು ಹೇಳಿರಲಿಲ್ಲ; ಪ್ರಚಾರದ ಕೆಲಸಕ್ಕೆ ನಾನು ತಲೆ ಹಾಕುವವಳಲ್ಲ ಎಂಬ ಬಿಂಕ ಅಡ್ಡ ಬಂದಿತ್ತು. ಮುಖ ತೋರಿಸುವ ಅವರ ಚಟವೂ ಮುಖ ಮರೆಸುವ ನನ್ನ ಚಟವೂ ಸೇರಿ ಆ ತಾಯಿಯನ್ನು ಗೇಟಿನ ಹೊರಗೆ ನಿಲ್ಲಿಸಿದ್ದವು. ಇಬ್ಬರೂ ನೋಡುತ್ತಿದ್ದದ್ದು ನಮ್ಮ ನಮ್ಮ ಮುಖಗಳನ್ನೇ, ವಾಚನಾಲಯವನ್ನಲ್ಲ. ದೇಣಿಗೆಯ ಹಣದಲ್ಲಿ ನಡೆಯುವ ಸಂಸ್ಥೆಗೆ ತಾನು ಮಾಡಿದ್ದನ್ನು ಹೇಳುವುದು ಬಡಾಯಿಯಲ್ಲ, ಲೆಕ್ಕ ಒಪ್ಪಿಸುವುದು. ಎಷ್ಟು ಮಕ್ಕಳು ಬಂದರು, ಎಷ್ಟು ಪುಸ್ತಕ ಕೊಂಡೆವು, ಎಷ್ಟು ಕಳೆದವು ಎಂಬುದನ್ನು ಕೊಟ್ಟವರಿಗೆ ತಿಳಿಸದೆ ಸುಮ್ಮನಿರುವುದನ್ನು ಸರಳತೆ ಎನ್ನಲು ಬರುವುದಿಲ್ಲ. ಆ ತಾಯಿಯ ಮಗ ಒಳಗೆ ಬಂದು ಕೂತ, ಅಷ್ಟರಮಟ್ಟಿಗೆ ಸಮಾಧಾನ.

ಮಣ್ಣಿನ ಹಣತೆ ಮಾಡಿ ಮಾರುವ ನನ್ನ ಗೆಳತಿಯೊಬ್ಬಳಿದ್ದಾಳೆ, ದಿನಕ್ಕೆ ಮೂರು ಸಲ ವಾಟ್ಸಾಪ್ ಸ್ಟೇಟಸ್ ಹಾಕುತ್ತಾಳೆ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದರಲ್ಲಿ ಇವಳನ್ನು ಮೀರಿಸುವವರಿಲ್ಲ ಎಂದು ನಾನು ಹಲವರ ಮುಂದೆ ಆಡಿಕೊಂಡಿದ್ದೇನೆ. ಶುಕ್ರವಾರ ಅವಳ ಹಳೆಯ ಬರಹಗಳನ್ನೆಲ್ಲ ಕೂತು ಓದಿದೆ. ಯಾವ ಕೆರೆಯ ಮಣ್ಣು, ಯಾವ ಕುಂಬಾರ ಅಜ್ಜ ಭಟ್ಟಿ ಒಟ್ಟಿದ್ದು, ಒಂದು ಡಜನ್ನಿಗೆ ಎಷ್ಟು, ಒಡೆದು ಬಂದರೆ ಏನು ಮಾಡಬೇಕು, ಎಲ್ಲವೂ ಅಲ್ಲಿತ್ತು. ಅವಳ ಹಣತೆಗಳಲ್ಲಿ ಕೆಲವು ಎಣ್ಣೆ ಸೋರುತ್ತವೆ ಎಂಬ ನನ್ನ ಅಭಿಪ್ರಾಯವನ್ನೇನೂ ಬದಲಿಸಿಲ್ಲ. ಆದರೂ ಅವಳ ಭಟ್ಟಿ ಆರಿಲ್ಲ.

ನಾನು ಸುಮ್ಮನಿದ್ದದ್ದು ವಿನಯದಿಂದಲ್ಲ, ಯಾರಾದರೂ ದೊಡ್ಡವರು ತಾವಾಗಿಯೇ ಕಂಡುಹಿಡಿದು ಹೊಗಳಲಿ ಎಂಬ ಆಸೆಯಿಂದ. ಹೇಳಿಕೊಂಡೂ ಯಾರೂ ಕೊಳ್ಳದಿದ್ದರೆ ಎಂಬ ಅಂಜಿಕೆಯೂ ಅದರೊಳಗಿತ್ತು. ‘ಎಲೆಮರೆಯ ಕಾಯಿ’ ಎಂದು ನಮ್ಮ ಕಡೆಯ ಸನ್ಮಾನಗಳಲ್ಲಿ ಹೊಗಳುವುದನ್ನು ಕೇಳಿ ಕೇಳಿ, ಎಲೆಯ ಮರೆಯಲ್ಲಿರುವುದೇ ಒಂದು ಸಾಧನೆ ಎಂದುಕೊಂಡಿದ್ದೆ. ನಾನು ಮರೆಯಲ್ಲಿದ್ದ ಈ ಎರಡು ವರ್ಷಗಳಲ್ಲಿ ಪೇಟೆಯೇನೂ ಖಾಲಿ ಉಳಿಯಲಿಲ್ಲ. ಖಣದ ವಿನ್ಯಾಸವನ್ನು ಪಾಲಿಯೆಸ್ಟರಿನ ಮೇಲೆ ಅಚ್ಚೊತ್ತಿ ‘ಅಪ್ಪಟ ಗುಳೇದಗುಡ್ಡ’ ಎಂದು ಮಾರುವವರು ಎಳ್ಳಷ್ಟೂ ನಾಚದೆ ಅದನ್ನು ತುಂಬಿದರು. ನೇಯ್ದದ್ದಾದರೆ ಹಿಂಬದಿಯಲ್ಲಿಯೂ ಎಳೆಗಳು ಕಾಣುತ್ತವೆ, ಅಚ್ಚಿನದಾದರೆ ಹಿಂಬದಿ ಪೇಲವವಾಗಿರುತ್ತದೆ ಎಂಬ ಒಂದು ಸಾಲನ್ನಾದರೂ ನಾನು ಬರೆದು ಹಾಕಬಹುದಿತ್ತು. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಕದ, ಅಂದರೆ ಆ ಹೆಸರು ಆ ಸೀಮೆಯ ಮಾಲಿಗೇ ಸಲ್ಲುತ್ತದೆ ಎನ್ನುವ ಜಿಐ ಗುರುತಿನ, ಮಾನ್ಯತೆ ಇದೆ ಎಂಬುದು ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಗೊತ್ತು? ಅದನ್ನು ಹೇಳಬೇಕಾದವರಲ್ಲಿ ನಾನೂ ಒಬ್ಬಳು.

ನಿನ್ನೆ ಕುಳಿತು ಒಂದು ಸಣ್ಣ ಚೀಟಿ ಬರೆದೆ, ಪ್ರತಿ ಪುಸ್ತಕದ ಒಳಗೆ ಇಡಲು ಮತ್ತು ಅದನ್ನೇ ಚಿತ್ರದ ಕೆಳಗೂ ಹಾಕಲು. ಹೊದಿಕೆ ಗುಳೇದಗುಡ್ಡದ ಕೈಮಗ್ಗದ ಖಣ, ವಿನ್ಯಾಸ ಆನೆಹೆಜ್ಜೆ, ನೇಯ್ದವರು ಇಂಥವರು, ಹಾಳೆ ಹೊಲಿದು ಕಟ್ಟಿದವಳು ನಾನು, ಕಟ್ಟಲು ಎರಡು ದಿನ ಬೇಕು, ನೀರು ತಾಗದಂತೆ ಇಡಿ. ‘ಅದ್ಭುತ’, ‘ಅಪೂರ್ವ’ ಎಂಬ ಪದಗಳು ಎರಡು ಸಲ ನುಸುಳಿದವು, ಎರಡು ಸಲವೂ ಹೊಡೆದುಹಾಕಿದೆ. ಹೆಸರು ಹಾಕಲು ಒಪ್ಪಿಗೆ ಕೇಳಬೇಕಾಗಿದ್ದರಿಂದ ಕಾಕುವಿಗೆ ಫೋನು ಹಚ್ಚಿ ಇಡೀ ಚೀಟಿಯನ್ನು ಓದಿ ಹೇಳಿದೆ. ತಮ್ಮ ಹೆಸರು ಬಂದಲ್ಲಿ ಅವರು ಮಗ್ಗ ನಿಲ್ಲಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

ಆಮೇಲೆ, “ಎಲ್ಲಾ ಛಲೋ ಬರದೀಯವ್ವಾ, ಕಿಮ್ಮತ್ತು ಎಷ್ಟಂತ ಹೇಳಲೇ ಇಲ್ಲಲ್ಲ?” ಎಂದರು.

ಚೀಟಿಯನ್ನು ತಿರುಗಿಸಿ ನೋಡಿದೆ, ನಿಜವಾಗಿಯೂ ಇರಲಿಲ್ಲ. ಅವರು ಫೋನಿನಲ್ಲಿ ಕಾಯುತ್ತಿದ್ದಂತೆಯೇ ಕೆಳಗೆ ‘ರೂ. 450’ ಎಂದು ಬರೆದು, ಅದನ್ನೂ ಓದಿ ಹೇಳಿದೆ. “ಹಾಂ” ಎಂದರು. ಆ ಕಡೆಯಿಂದ ಮತ್ತೆ ಲಾಳಿಯ ಸಪ್ಪಳ ಶುರುವಾಯಿತು.